ಹೊಸ ಟಿ.ವಿ. ತರ್ತೀರಾ? ಮೊದಲು ನೋಡುವವರನ್ನು ನೋಡಿ!

ಅಡಿಕೆ ವ್ಯಾಪಾರ ಮುಗಿದಿದೆ. ಸೊಸೈಟಿಯ ಸಾಲ ಕಳೆದು ಒಂದಿಷ್ಟು ದುಡ್ಡು ಖಾತೆಯಲ್ಲಿ ಉಳಿದಿದೆ. ಬೆಂಗಳೂರಿನ ಮಗ ಫೋನಿನಲ್ಲಿ, ‘ಆಯಿ, ಇನ್ನೆಷ್ಟು ವರ್ಷ ಅದೇ ಟಿ.ವಿ. ನೋಡ್ತೆ? ಒಂದು ದೊಡ್ಡ ಎಚ್‌ಡಿ ಟಿ.ವಿ. ತಗ’ ಅಂತ ಒಂದೇ ಸಮ ಹೇಳುತ್ತಿದ್ದಾನೆ. ಯಜಮಾನರು ಕವಳ ಹಾಕುತ್ತಾ, ‘ನಿಂಗೆ ಬೇಕು ಅಂದ್ರೆ ತರನ’ ಅಂತ ಜಾರಿಕೊಳ್ಳುತ್ತಾರೆ. ಕೊನೆಗೆ ತೀರ್ಮಾನ ನಿಮ್ಮ ತಲೆಗೇ!

ಶಿರಸಿ ಪೇಟೆಗೆ ಹೋಗಿ ಅಂಗಡಿಯಲ್ಲಿ ನಿಂತರಂತೂ ಮುಗಿದೇ ಹೋಯಿತು. ಗೋಡೆ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಗಿಳಿ, ಹೂವು, ಸಮುದ್ರದ ಮೀನು. ಗಿಳಿಯ ಒಂದೊಂದು ಗರಿಯೂ ಕಾಣುತ್ತದೆ. ಮರುಳಾಗದೇ ಇರುವವರು ಯಾರು? ಆದರೆ ನಿಮ್ಮ ಮನೆಯಲ್ಲಿ ಬರುವುದು ಗಿಳಿಯಲ್ಲ, ಸಂಜೆಯ ಧಾರಾವಾಹಿ. ಆ ಗಿಳಿಯ ಚಿತ್ರ ಅಂಗಡಿಯಲ್ಲಿ ತೋರಿಸಲೆಂದೇ ಮಾಡಿದ್ದು. ಹಾಗಾಗಿ ಅಂಗಡಿಯವರಿಗೆ ನೀವು ಕೇಳಬೇಕಾದ ಮೊದಲ ಮಾತು ‘ರೇಟೆಷ್ಟು’ ಅಂತಲ್ಲ. ‘ಇದರಲ್ಲಿ ಮಾಮೂಲಿ ಕನ್ನಡ ಚಾನೆಲ್ ಹಾಕಿ ತೋರಿಸಿ’ ಅಂತ. ಹತ್ತು ಅಡಿ ಹಿಂದೆ ಸರಿದು ನೋಡಿ. ಮನೆಗೆ ಬರುವುದು ಆ ಚಿತ್ರ.

ಚುಕ್ಕಿ ಲೆಕ್ಕ

ಟಿ.ವಿ. ಚಿತ್ರ ಅಂದರೆ ಚುಕ್ಕಿ ರಂಗೋಲಿ ಇದ್ದ ಹಾಗೆ. ಚುಕ್ಕಿ ಹೆಚ್ಚಿದ್ದಷ್ಟೂ ಎಳೆ ನಯ. ಮಾಮೂಲಿ, ಅಂದರೆ ಎಸ್‌ಡಿ ಚಿತ್ರದಲ್ಲಿ ಅಡ್ಡ 720, ಉದ್ದ 576, ಒಟ್ಟು ಸುಮಾರು 4 ಲಕ್ಷ ಚುಕ್ಕಿ. ‘ಎಚ್‌ಡಿ ರೆಡಿ’ ಅಂತ ಮಾರುವ 32 ಇಂಚಿನ ಹೆಚ್ಚಿನ ಟಿ.ವಿ.ಗಳ ಪರದೆಯಲ್ಲಿ ಹತ್ತೂವರೆ ಲಕ್ಷ. ‘ಫುಲ್ ಎಚ್‌ಡಿ’ಯಲ್ಲಿ 1920ಕ್ಕೆ 1080, ಇಪ್ಪತ್ತು ಲಕ್ಷಕ್ಕೂ ಮೇಲೆ. ‘4ಕೆ’ ಅಂದರೆ ಅದರ ನಾಲ್ಕು ಪಟ್ಟು.

ಇಲ್ಲೇ ಎಡವಟ್ಟಾಗುವುದು. ಟಿ.ವಿ. ಇಪ್ಪತ್ತು ಲಕ್ಷ ಚುಕ್ಕಿಯದ್ದಾದರೂ ಡಿಶ್ಶಿನಿಂದ ಬರುವುದು ನಾಲ್ಕೇ ಲಕ್ಷವಾದರೆ? ಅದೇ ನಾಲ್ಕು ಲಕ್ಷವನ್ನು ದೊಡ್ಡ ಅಂಗಳಕ್ಕೆ ಎಳೆದು ಹರಡಿದ ಹಾಗಾಗುತ್ತದೆ. ಹಳೆಯ 21 ಇಂಚಿನ ಡಬ್ಬಾ ಟಿ.ವಿ.ಯಲ್ಲಿ ಚೆಂದ ಕಾಣುತ್ತಿದ್ದ ಚಾನೆಲ್ಲು ಹೊಸ 43 ಇಂಚಿನಲ್ಲಿ ಕಲಸಿದ ಹಾಗೆ ಕಾಣುತ್ತದೆ. ‘ಇಷ್ಟು ದುಡ್ಡು ಸುರಿದು ಇದನ್ನಾ ತಂದದ್ದು?’ ಅನ್ನುವ ಮಾತು ಹುಟ್ಟುವುದೇ ಆಗ. ಟಿ.ವಿ.ಯ ತಪ್ಪೇನೂ ಇಲ್ಲ.

ಎಚ್‌ಡಿ ಚಿತ್ರ ಬೇಕಿದ್ದರೆ ಟಿ.ವಿ. ಜೊತೆ ಸೆಟ್‌ಟಾಪ್ ಬಾಕ್ಸೂ ಎಚ್‌ಡಿ ಆಗಬೇಕು, ವಾಹಿನಿಯೂ ಎಚ್‌ಡಿ ಆಗಬೇಕು. ಎರಡನ್ನೂ ಸೇರಿಸುವ ವಯರು ಎಚ್‌ಡಿಎಂಐ ಆಗಿರಬೇಕು. ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ವಯರು ಇದೆಯಲ್ಲ, ಅದರಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಹೊಸ ಟಿ.ವಿ. ಬಂದು ವರ್ಷಗಳಾದರೂ ಅದೇ ಹಳದಿ ವಯರು ಮುಂದುವರಿದಿರುತ್ತದೆ. ಇವತ್ತೇ ಟಿ.ವಿ. ಹಿಂದೆ ಕೈಹಾಕಿ ನೋಡಿ! ಹೊಸ ಟಿ.ವಿ. ಬೇಕು ಅಂದುಕೊಂಡವರಿಗೆ ಬರೀ ಹೊಸ ವಯರು ಸಾಕಾದೀತು.

ಕನ್ನಡದ ಮನರಂಜನಾ ವಾಹಿನಿಗಳು 2016ರಿಂದ ಈಚೆಗೆ ಒಂದೊಂದಾಗಿ ಎಚ್‌ಡಿಯಲ್ಲೂ ಬಂದವು. ಆದರೆ ಅವುಗಳ ನಂಬರು ಬೇರೆ, ದರವೂ ಹೆಚ್ಚು. ಎಚ್‌ಡಿಗೆ ದುಡ್ಡು ಕಟ್ಟಿ, ಕೈ ರೂಢಿಯ ಮೇಲೆ ಹಳೇ ನಂಬರನ್ನೇ ಒತ್ತುತ್ತಾ ಎಸ್‌ಡಿ ನೋಡುವವರೂ ಇದ್ದಾರೆ. 2019ರಲ್ಲಿ ಟ್ರಾಯ್ ನಿಯಮ ಬದಲಾದ ಮೇಲೆ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವಿದೆ. ದಿನಾ ನೋಡುವ ಒಂದೋ ಎರಡೋ ವಾಹಿನಿಯನ್ನಷ್ಟೇ ಎಚ್‌ಡಿಯಲ್ಲಿ ಹಾಕಿಸಿಕೊಳ್ಳಿ, ಉಳಿದದ್ದು ಹಾಗೇ ಇರಲಿ. ಇನ್ನು ಡಿಡಿ ಫ್ರೀ ಡಿಶ್ ನಂಬಿಕೊಂಡ ಮನೆಗಳಿವೆ. 2004ರ ಡಿಸೆಂಬರಿನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಅಂತ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಆದರೆ ಅದರಲ್ಲಿ ಬರುವ ಬಹುಪಾಲು ವಾಹಿನಿಗಳು ಎಸ್‌ಡಿ. ಫ್ರೀ ಡಿಶ್ಶಿನಲ್ಲೇ ಇರುತ್ತೇವೆ ಅನ್ನುವವರು ಎಚ್‌ಡಿ ಆಸೆಗೆ ದೊಡ್ಡ ಟಿ.ವಿ. ತರಬೇಡಿ.

‘ಎಲ್ಲರ ಮುಖ ಅಗಲ ಆಗೋಯ್ದಲೆ’ ಅಂತ ಅಜ್ಜಿ ಹೇಳಿದರೆ ನಗಬೇಡಿ. ಹಳೇ ಕಾರ್ಯಕ್ರಮಗಳ ಚಿತ್ರ 4ಕ್ಕೆ 3ರ ಅಳತೆಯದು, ಹೊಸ ಟಿ.ವಿ. 16ಕ್ಕೆ 9ರದ್ದು. ಎಳೆದು ಕೂರಿಸಿದರೆ ತೆಳ್ಳಗಿನ ನಾಯಕಿಯೂ ದಪ್ಪಗಾಗುತ್ತಾಳೆ. ರಿಮೋಟಿನಲ್ಲಿ ‘ಪಿಕ್ಚರ್ ಸೈಜ್’ ಹುಡುಕಿ 4:3ಕ್ಕೆ ಬದಲಿಸಿ. ಎರಡೂ ಬದಿ ಕಪ್ಪು ಪಟ್ಟಿ ಬಂದೀತು, ಮುಖ ಸರಿಯಾಗುತ್ತದೆ.

ಯಕ್ಷಗಾನ ಪ್ರಿಯರಿಗೊಂದು ಕಿವಿಮಾತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹಳೇ ಆಟದ ವಿಡಿಯೋಗಳನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆಯಿಂದಲೇ ಸ್ಮಾರ್ಟ್ ಟಿ.ವಿ. ತರುವವರಿದ್ದಾರೆ. ಆಸೆ ತಪ್ಪಲ್ಲ. ಆದರೆ ಆ ಕಾಲದ ಕ್ಯಾಮೆರಾ ಹಿಡಿದಷ್ಟೇ ಚುಕ್ಕಿ, 4ಕೆ ಟಿ.ವಿ. ತಂದರೂ ಕಿರೀಟದ ಮಣಿ ಎಣಿಸಲಾಗದು. ಜೊತೆಗೆ ಇಂಟರ್ನೆಟ್ ಬೇಕು. ಮೊಬೈಲಿನಲ್ಲಿ ಮಾತಾಡಲು ಗುಡ್ಡದ ತುದಿಗೆ ಹೋಗಬೇಕಾದ ಊರಾಗಿದ್ದರೆ, ಮೊದಲು ಮನೆಗೆ ಫೈಬರ್ ಲೈನ್ ಬರುತ್ತದಾ ವಿಚಾರಿಸಿ.

ಎಲ್ಲಿ ಕೂರುತ್ತೀರಿ?

32 ಇಂಚು ಅಂದರೆ ಮೂಲೆಯಿಂದ ಮೂಲೆಗೆ 81 ಸೆಂ.ಮೀ. ಎಚ್‌ಡಿ ಚಿತ್ರದ ಸೊಗಸು ಕಾಣಬೇಕಾದರೆ ಆ ಅಳತೆಯ ಎರಡು ಎರಡೂವರೆ ಪಟ್ಟು ದೂರದೊಳಗೆ ಕೂರಬೇಕು. ಅಂದರೆ 32 ಇಂಚಿಗೆ ಆರು ಅಡಿ, 43 ಇಂಚಿಗೆ ಏಳರಿಂದ ಒಂಬತ್ತು ಅಡಿ. ನಮ್ಮ ಕಡೆ ಟಿ.ವಿ. ಜಗಲಿಯ ಒಂದು ತುದಿಯಲ್ಲಿ, ನೋಡುವವರು ಇನ್ನೊಂದು ತುದಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಹನ್ನೆರಡು ಅಡಿ ದೂರದಿಂದ 32 ಇಂಚಿನ ಪರದೆಯಲ್ಲಿ ಎಸ್‌ಡಿಗೂ ಎಚ್‌ಡಿಗೂ ವ್ಯತ್ಯಾಸ ಹುಡುಕುವುದೇ ಕಷ್ಟ. ಅಂಗಡಿಗೆ ಹೋಗುವ ಮುಂಚೆ ಒಂದು ಟೇಪು ಹಿಡಿದು ಅಳೆಯಿರಿ.

ನನ್ನ ದೊಡ್ಡಾಯಿಯ ಮನೆ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಕಡೆ. ‘ಟಿ.ವಿ. ಮಸುಕಾಯ್ದು’ ಅಂತ ಅವರು ಹೇಳಲು ಶುರು ಮಾಡಿ ಎರಡು ವರ್ಷವಾಗಿತ್ತು. ಕುರ್ಚಿ ತಿಂಗಳಿಂದ ತಿಂಗಳಿಗೆ ಮುಂದೆ ಮುಂದೆ ಹೋಯಿತು. ಮಕ್ಕಳು ಡಿಶ್ ತಿರುಗಿಸಿದರು, ಬಾಕ್ಸು ಬದಲಿಸಿದರು, ಕೊನೆಗೆ ದೀಪಾವಳಿಗೆ ಬಂದವರು 43 ಇಂಚಿನ ಎಚ್‌ಡಿ ಟಿ.ವಿ.ಯನ್ನೇ ತಂದು ಗೋಡೆಗೆ ಹೊಡೆದರು. ಮೊದಲ ದಿನ ದೊಡ್ಡಾಯಿಗೆ ಸಂಭ್ರಮ. ವಾರದೊಳಗೆ ಕುರ್ಚಿ ಮತ್ತೆ ಮುಂದಕ್ಕೆ! ‘ದೀಪದ ಸುತ್ತ ಬಳೆ ಕಾಣ್ತು, ಹಸಿರು ಸೀರೆ ಯಾವುದು ನೀಲಿ ಯಾವುದು ಗೊತ್ತಾಗ್ತಿಲ್ಲೆ’ ಅಂದಾಗಲಷ್ಟೇ ಸೊಸೆಗೆ ಅನುಮಾನ ಬಂದದ್ದು. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಎರಡೂ ಕಣ್ಣಲ್ಲಿ ಪೊರೆ.

ನನಗೆ ಈಗಲೂ ಚುಚ್ಚುವ ಸಂಗತಿ ಇನ್ನೊಂದಿದೆ. ಆ ಎರಡು ವರ್ಷದಲ್ಲಿ ದೊಡ್ಡಾಯಿ ಒಮ್ಮೆ ಬಚ್ಚಲಿನ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ನಾವೆಲ್ಲ ಪಾಚಿಯನ್ನು ಬೈದಿದ್ದೆವು. ಮೆಟ್ಟಿಲು ಅವರಿಗೆ ಕಂಡಿರಲೇ ಇಲ್ಲ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಕಣ್ಣು ಕಾಣುವುದಿಲ್ಲ ಅಂತ ಹೇಳಿದರೆ ಮಕ್ಕಳಿಗೆ ಖರ್ಚು, ರಜೆ ಹಾಕಿ ಓಡಿ ಬರಬೇಕು. ಅದಕ್ಕೇ ನಮ್ಮ ಹಿರಿಯ ಹೆಂಗಸರು ತಪ್ಪನ್ನು ಟಿ.ವಿ. ಮೇಲೆ ಹಾಕುತ್ತಾರೆ. ಆಪರೇಶನ್ ಆದ ಮೇಲೆ ದೊಡ್ಡಾಯಿ ಕೇಳಿದ್ದು, ‘ಹಳೇ ಟಿ.ವಿ. ಎಂತಕ್ಕೆ ಕೊಟ್ಯ ಮಾಣಿ?’ ಅಂತ!

ಹಾಗಾಗಿ ಮನೆಯಲ್ಲಿ ಅರವತ್ತು ದಾಟಿದವರು ‘ಚಿತ್ರ ಸರಿಯಿಲ್ಲ’ ಅಂದರೆ ಮೊದಲು ಅದೇ ಟಿ.ವಿ.ಯನ್ನು ನೀವು ನೋಡಿ. ನಿಮಗೆ ಸರಿ ಕಂಡರೆ ಹೋಗಬೇಕಾದದ್ದು ಟಿ.ವಿ. ಅಂಗಡಿಗಲ್ಲ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೂ ಇದೆ, ಅದರಡಿ ಪೊರೆ ಆಪರೇಶನ್ ಉಚಿತವಾಗಿ ಆಗುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮುಂದಿನ ದಾರಿ ಹೇಳುತ್ತಾರೆ.

ಕಣ್ಣಿನ ಹಾಗೇ ಕಿವಿ. ಡಬ್ಬಾ ಟಿ.ವಿ.ಯ ಸ್ಪೀಕರ್ ದೊಡ್ಡದು, ಮುಖಕ್ಕೆ ಎದುರಾಗಿ ಇರುತ್ತಿತ್ತು. ತೆಳ್ಳನೆಯ ಟಿ.ವಿ.ಯಲ್ಲಿ ಪುಟ್ಟ ಸ್ಪೀಕರ್ ಸಾಮಾನ್ಯವಾಗಿ ಕೆಳಗೋ ಹಿಂದೋ ಮುಖ ಮಾಡಿರುತ್ತದೆ. ಹಂಚಿನ ಮೇಲೆ ಮಳೆ ಹೊಡೆಯುವಾಗ ಮಾತು ಏನೂ ಕೇಳಿಸದು. ಅಂಗಡಿಯಲ್ಲಿ ಹಾಡಲ್ಲ, ವಾರ್ತೆ ಹಾಕಿಸಿ ಕೇಳಿ.

ಮಳೆ, ಸಿಡಿಲು ಮತ್ತು ಪ್ಲಗ್

ನಿಲ್ಕುಂದದ ಕಡೆಯ ಮಳೆಗೆ ಎಚ್‌ಡಿ, ಎಸ್‌ಡಿ ಅನ್ನುವ ಭೇದವಿಲ್ಲ. ಮನೆ ಮೇಲಿನ ಸಣ್ಣ ಡಿಶ್ಶಿಗೆ ಉಪಗ್ರಹದಿಂದ ಬರುವ ಅಲೆಗಳನ್ನು ಜೋರು ಮಳೆ ಹೀರಿಬಿಡುತ್ತದೆ. ಹೊಸ ಟಿ.ವಿ. ತಂದರೆ ಆಷಾಢದಲ್ಲಿ ಚಿತ್ರ ನಿಲ್ಲುವುದು ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಿಡಿಲಿನ ವಿಷಯ ಮಾತ್ರ ಕಿವಿಗೊಟ್ಟು ಕೇಳಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ಲೈನಿನಲ್ಲಿ ಮಾತ್ರವಲ್ಲ, ಡಿಶ್ ವಯರಿನಲ್ಲೂ ಹೊಡೆತ ಬರುತ್ತದೆ. ಬಟನ್ ಆಫ್ ಮಾಡಿದರೆ ಸಾಲದು. ಸ್ಟೆಬಿಲೈಜರ್ ವೋಲ್ಟೇಜ್ ಏರಿಳಿತಕ್ಕೇ ಹೊರತು ಸಿಡಿಲಿಗಲ್ಲ. ಪ್ಲಗ್ ಕೀಳಬೇಕು, ಡಿಶ್ ವಯರನ್ನೂ ಬಿಚ್ಚಬೇಕು. ಅದೂ ಮೋಡ ಕಟ್ಟುವಾಗಲೇ! ತಲೆ ಮೇಲೆ ಗುಡುಗುವಾಗ ವಯರು ಮುಟ್ಟಲು ಹೋಗಬೇಡಿ, ಟಿ.ವಿ. ಹೋದರೆ ಹೋಗಲಿ. ಸಿಡಿಲಿನ ಹಾನಿ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ, ಆ ಚಿಕ್ಕ ಅಕ್ಷರಗಳನ್ನು ಕೊಳ್ಳುವಾಗಲೇ ಓದಿಸಿಕೊಳ್ಳಿ.

ಇದರಲ್ಲೊಂದು ಸೂಕ್ಷ್ಮವಿದೆ. ಗೋಡೆಗೆ ಹೊಡೆದ ಟಿ.ವಿ.ಯ ಪ್ಲಗ್ಗೂ ವಯರೂ ಅದರ ಬೆನ್ನ ಹಿಂದೆ ಅಡಗಿ ಕೂರುತ್ತವೆ. ಸ್ಟೂಲು ಹತ್ತದೆ ಕೈಗೆ ಸಿಗುವುದಿಲ್ಲ. ಹಗಲಲ್ಲಿ ಮನೆಯಲ್ಲಿ ಇರುವವರು ಯಾರು? ಅವರೇ ಎಪ್ಪತ್ತರ ಅಜ್ಜಿ. ಫಿಟ್ ಮಾಡಲು ಬಂದ ಹುಡುಗನಿಗೆ ‘ಪ್ಲಗ್ ಪಾಯಿಂಟು ನನ್ನ ಸೊಂಟದ ಎತ್ತರಕ್ಕೆ ಬರಲಿ’ ಅಂತ ಗಟ್ಟಿಯಾಗಿ ಹೇಳಿ. ಇಲ್ಲವಾದರೆ ಮೇಜಿನ ಮೇಲೇ ಇಡಿಸಿ, ಶೋಕಿ ಕಡಿಮೆಯಾದರೆ ಏನೂ ಹೋಗುವುದಿಲ್ಲ.

ರಿಮೋಟು ಒಂದಲ್ಲ, ಎರಡು: ಟಿ.ವಿ.ಗೊಂದು, ಬಾಕ್ಸಿಗೊಂದು. ತಪ್ಪು ರಿಮೋಟಿನಲ್ಲಿ ಏನೋ ಒತ್ತಿ ‘ನೋ ಸಿಗ್ನಲ್’ ಬಂದರೆ ಹಿರಿಯರು ಮುಂದಿನ ಭಾನುವಾರ ಯಾರಾದರೂ ಬರುವವರೆಗೆ ಸುಮ್ಮನೆ ಕೂರುತ್ತಾರೆ. ಮಕ್ಕಳೆಲ್ಲ ಊರು ಬಿಟ್ಟ ಮನೆಯಲ್ಲಿ ಆ ಒಂದು ವಾರ ಎಷ್ಟು ಉದ್ದ ಅನ್ನುವುದು ನಿಮಗೇ ಗೊತ್ತು. ಬೇಕಾದ ನಾಲ್ಕು ಬಟನ್ನಿಗೆ ಉಗುರು ಬಣ್ಣದ ಚುಕ್ಕಿ ಇಟ್ಟು, ನೀವು ಎದುರಿಗಿರುವಾಗಲೇ ಅವರ ಕೈಯಲ್ಲಿ ಹತ್ತು ಸಲ ಒತ್ತಿಸಿ.

ದುಡ್ಡಿನ ಮಾತು ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟು ಹೇಳಿದರೆ ಬಿಲ್ಲಿನಲ್ಲಿ ತೆರಿಗೆ ತೋರಿಸಲು ಕೇಳಿ. ದೀಪಾವಳಿ, ಮಾರಿಕಾಂಬಾ ಜಾತ್ರೆ ಅಂತ ಆಫರ್ ಬಂದಾಗ ಅವಸರ ಬೇಡ. ರಿಪೇರಿಯವರು ಶಿರಸಿಯಲ್ಲಿದ್ದಾರಾ, ಹುಬ್ಬಳ್ಳಿಯಿಂದ ಬರಬೇಕಾ ಅನ್ನುವುದು ಸಾವಿರ ರೂಪಾಯಿ ರಿಯಾಯಿತಿಗಿಂತ ಮುಖ್ಯ. ಹಲಸಿನ ಹಪ್ಪಳ, ಅಪ್ಪೆಮಿಡಿ ಮಾರಿ ಕೂಡಿಟ್ಟ ನಿಮ್ಮದೇ ದುಡ್ಡಾಗಿದ್ದರೆ ಬಿಲ್ಲು ನಿಮ್ಮ ಹೆಸರಿಗೇ ಬರೆಸಿ, ವಾರಂಟಿ ಕಾರ್ಡು ನಿಮ್ಮ ಕಪಾಟಿನಲ್ಲೇ ಇರಲಿ.

ಹಳೇ ಡಬ್ಬಾ ಟಿ.ವಿ.ಯನ್ನು ಎಕ್ಸ್‌ಚೇಂಜಿಗೆ ಕೊಡಿ, ಐನೂರೇ ಸಿಕ್ಕರೂ ಸರಿ. ಕೊಟ್ಟಿಗೆಯಲ್ಲಿಟ್ಟರೆ ಒಂದು ದಿನ ಯಾರೋ ಬಿಚ್ಚಲು ಹೋಗುತ್ತಾರೆ. ಅದರ ದೊಡ್ಡ ಗಾಜಿನಲ್ಲಿ ಸೀಸ ಇರುತ್ತದೆ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಒಡೆದು ಹಳ್ಳಕ್ಕೋ ಬೆಟ್ಟಕ್ಕೋ ಎಸೆಯುವುದಂತೂ ಬೇಡವೇ ಬೇಡ, ಆ ನೀರೇ ತೋಟಕ್ಕೆ ಇಳಿಯುವುದು.