ಬೆನ್ನ ಮೇಲೆ ಹಾಸಿಗೆ... ಎದುರಿಗೆ ಹಂಪಿ ಬಂಡೆ!

ಮುಧೋಳದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದಂಗಡಿ. (ನಾಯಿಗೆ ಹೆಸರಾದ ಬಾಗಲಕೋಟೆ ಕಡೆಯ ಮುಧೋಳ ಅಲ್ಲ ಸ್ವಾಮಿ, ನಮ್ಮ ಸೇಡಂ ತಾಲ್ಲೂಕಿನ ಮುಧೋಳ!) ಮಾತು ಫಾರಿನ್ ಕಡೆ ಹೊರಳಿತು. ‘ಫಾರಿನ್ ಅಂದ್ರ ಏನಪಾ?’ ಅಂತ ಕೇಳಿದೆ. ‘ಮುಗಿಲಿಗೆ ಮುಟ್ಟೋ ಬಿಲ್ಡಿಂಗು, ಕಾರು, ಮ್ಯಾಲೊಂದು ಡ್ಯೂಯೆಟ್ಟು!’ ಅಂದ ಒಬ್ಬ ಅಭಿಮಾನಿ.

ತಪ್ಪು ಅವನದಲ್ಲ ಬಿಡಿ. 1978ರಲ್ಲಿ ದ್ವಾರಕೀಶ್ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ತೆಗೆದಾಗಿನಿಂದ ನಮ್ಮ ನಾಯಕರು ವಿಮಾನ ಇಳಿಯೋದು ಬಹುಪಾಲು ದೊಡ್ಡ ಊರಲ್ಲೇ. ಆದರೆ ಅಮೆರಿಕದ ಒಬ್ಬ ‘ಹೀರೋ’ ನಮ್ಮ ದೇಶಕ್ಕೆ ಬಂದು ಬೀಡುಬಿಟ್ಟದ್ದು ಎಲ್ಲಿ ಗೊತ್ತೆ? ಹಂಪಿಯ ಬಂಡೆಗಳ ನಡುವೆ!

ಹೆಸರು ಕ್ರಿಸ್ ಶರ್ಮಾ. ಶರ್ಮಾ ಅಂದಕೂಡಲೇ ನಮ್ಮವನು ಅಂದ್ಕೋಬೇಡಿ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನು. ಅವನ ತಂದೆ ತಾಯಿ ಭಾರತದ ಗುರುವೊಬ್ಬರ ಶಿಷ್ಯರಾಗಿ ಇಟ್ಟುಕೊಂಡ ಹೆಸರದು. ಬಂಡೆ ಹತ್ತುವವರ ಲೋಕದಲ್ಲಿ ಅವನು ಸೂಪರ್ ಸ್ಟಾರ್. ಅವನು ಗೆಳೆಯರೊಂದಿಗೆ ಹಂಪಿ ಬಂಡೆಗಳನ್ನು ಹತ್ತಿದ ‘ಪಿಲ್ಗ್ರಿಮೇಜ್’ ಎಂಬ ಚಿತ್ರ 2003ರಲ್ಲಿ ಬಂತು. ನಿರ್ದೇಶಕ ಜೋಶ್ ಲೋವೆಲ್. ಫೈಟ್ ಇಲ್ಲ, ವಿಲನ್ ಇಲ್ಲ. ಬಂಡೆಯೇ ವಿಲನ್!

ನಮಗೂ ಬಂಡೆ ಹೊಸದೇನಲ್ಲ. ‘ನಾಗರಹಾವು’ (1972) ನೋಡಿ ಚಿತ್ರದುರ್ಗದ ಕೋಟೆಗೆ ಕೈಮುಗಿದವರು ನಾವು. ‘ಷೋಲೆ’ಯ (1975) ಗಬ್ಬರ್ ಗುಡುಗಿದ್ದು ನಮ್ಮ ರಾಮನಗರದ ಗುಡ್ಡದಲ್ಲೇ. ಆದರೆ ನಾವು ಬಂಡೆಯನ್ನು ಪರದೆ ಮೇಲೆ ನೋಡಿ ಶಿಳ್ಳೆ ಹೊಡೆದು ಮನೆಗೆ ಬಂದೆವು. ಅವರು ಸಮುದ್ರ ದಾಟಿ ಬಂದು ಅದನ್ನು ಕೈಯಿಂದ ಮುಟ್ಟಿದರು.

ಬರುವಾಗ ಬೆನ್ನ ಮೇಲೆ ಏನು ಹೊತ್ತಿರುತ್ತಾರೆ? ಮಡಚಿದ ದಪ್ಪ ಹಾಸಿಗೆ! ಮಲಗೋದಕ್ಕಲ್ಲ, ಬೀಳೋದಕ್ಕೆ. ಹತ್ತು ಹದಿನೈದು ಅಡಿ ಬಂಡೆಗೆ ಹಗ್ಗ ಕಟ್ಟೋದಿಲ್ಲ. ಅಂಗಾಲಿಗೆ ಅಂಟಿದಂತೆ ಬಿಗಿಯಾದ ರಬ್ಬರ್ ಬೂಟು, ಬೆವರಿಗೆ ಕೈ ಜಾರದಂತೆ ಬಿಳಿ ಪುಡಿ, ಅಷ್ಟೇ. ಕೆಳಗೆ ಗೆಳೆಯನೊಬ್ಬ ಎರಡೂ ಕೈ ಚಾಚಿ ನಿಂತಿರ್ತಾನೆ. ಹಿಡಿಯೋದಕ್ಕಲ್ಲ... ಬಿದ್ದವನ ತಲೆ ಕಲ್ಲಿಗೆ ಬಡಿಯದೆ ಮೈ ಹಾಸಿಗೆ ಮೇಲೆ ಬೀಳುವಂತೆ ತಿರುಗಿಸೋದಕ್ಕೆ. ಒಂದೇ ಬಂಡೆಯಿಂದ ದಿನಗಟ್ಟಲೆ ಬೀಳ್ತಾರೆ, ಏಳ್ತಾರೆ, ನಗ್ತಾರೆ. ಕಲ್ಲು ಕಾಯ್ದರೆ ಹಿಡಿತ ಸಿಗದು. ಅದಕ್ಕೇ ಬರೋದು ಚಳಿಗಾಲದಲ್ಲಿ. ಗುಡಿ, ಮಂಟಪಗಳ ಮೇಲೆ ಮಾತ್ರ ಕಾಲಿಡುವಂತಿಲ್ಲ. ಹತ್ತೋದು ನದಿಯಾಚೆ ಆನೆಗೊಂದಿ, ಸಣಾಪುರದ ಕಡೆಯ ಬಿಡಿ ಬಂಡೆಗಳನ್ನು.

ಈ ಹಾಸಿಗೆಯ ಮಾತು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, 2016ರ ನವೆಂಬರ್ 7 ನೆನಪಾಗುತ್ತೆ. ‘ಮಾಸ್ತಿ ಗುಡಿ’ ಚಿತ್ರೀಕರಣ. ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಹೆಲಿಕಾಪ್ಟರ್. ಅನಿಲ್, ಉದಯ್ ಧುಮುಕಿದರು. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಮೇಲೆ ಬರಲೇ ಇಲ್ಲ. ಎಂಥ ಕಟ್ಟುಮಸ್ತು ಹುಡುಗರು ಅವರು!

ನಮ್ಮ ಕಡೆ ಮಳೆಗಾಲ ಬಂದರೆ ಶಹಾಬಾದ್ ಕಡೆಯ ಹಳೇ ಕಲ್ಲುಗಣಿಗಳಲ್ಲಿ ನೀರು ನಿಲ್ಲುತ್ತೆ. ಆಳ ಎಷ್ಟು, ಒಳಗೆ ಯಾವ ಕಲ್ಲಿದೆ, ಯಾರಿಗೆ ಗೊತ್ತು? ಆದರೂ ದಂಡೆ ಮೇಲಿಂದ ಹೀರೋ ಥರ ಡೈವ್! ಮೊಬೈಲು ಹಿಡಿದು ನಿಂತ ಗೆಳೆಯನ ಎರಡೂ ಕೈ ಫೋನಿನ ಮೇಲೇ ಇರ್ತಾವೆ.

ಕಲಿಯುವ ಆಸೆ ಇದ್ದವರಿಗೆ ಫಾರಿನ್ ಬೇಕಿಲ್ಲ. ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ಕೊಡುತ್ತೆ. ಹಗ್ಗ ಕಟ್ಟಿ ಎತ್ತರಕ್ಕೆ ಹತ್ತುವವರಿಗೆ ಬಾದಾಮಿಯ ಕೆಂಪು ಕಲ್ಲಿನ ಗೋಡೆಗಳಿವೆ. ಹಂಪಿಗೋ? ಸೇಡಂನಿಂದ ವಾಡಿ, ವಾಡಿಯಿಂದ ರಾಯಚೂರು, ಗುಂತಕಲ್ ಮೇಲೆ ಹೊಸಪೇಟೆ. ರೈಲೇ ರೈಲು!

ಇಷ್ಟೆಲ್ಲ ಕೇಳಿದ ನಮ್ಮ ಅಭಿಮಾನಿ ಚಹಾದ ಗ್ಲಾಸು ಕೆಳಗಿಟ್ಟ.

‘ಅಣ್ಣಾ, ಹತ್ತಾಂವ ನಾ ಇದ್ದೀನಿ. ಕೆಳಗ ಕೈ ಚಾಚಿ ನಿಂದ್ರಾಂವ ಯಾರು?’

ಪಕ್ಕದ ಬೆಂಚಿನಲ್ಲಿದ್ದ ಅವನ ಗೆಳೆಯ ಫೋನು ಕಿಸೆಗೆ ಹಾಕಿಕೊಂಡು ಕೇಳಿದ: ‘ಹೊಸಪ್ಯಾಟಿ ಗಾಡಿ ಎಷ್ಟಕ್ಕದರೀ?’