ಸಂಗ್ರಹದ ಎಲೆಯಾಟಗಳಲ್ಲಿ ಬಲದ ಉಬ್ಬರ

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಎಕ್ಕವು ರಾಜನಿಗಿಂತ ಮೇಲು, ರಾಜನು ರಾಣಿಗಿಂತ ಮೇಲು ಎಂಬ ಕ್ರಮವು ತಲೆಮಾರುಗಳಿಂದ ನಡೆದುಬಂದಿದೆ. ಎಕ್ಕವನ್ನು ಮೀರಿಸುವ ಹೊಸದೊಂದು ಎಲೆಯನ್ನು ಯಾವ ಮುದ್ರಣಾಲಯವೂ ಮುಂದಿನ ವರ್ಷ ಹೊರತರುವುದಿಲ್ಲ. ಅಜ್ಜನ ಕಟ್ಟಿನಿಂದ ಮೊಮ್ಮಗನೂ ಅದೇ ಆಟವನ್ನು ಆಡಬಲ್ಲನು. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಆಟವು ಈ ಸ್ಥಿರತೆಯನ್ನೇ ಕೈಬಿಟ್ಟಿತು. ಗಣಿತಶಾಸ್ತ್ರಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿ, ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆಯು ಹೊರತಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬುದೇ ಆ ಆಟ. ಇದರಲ್ಲಿ ಎಲ್ಲರಿಗೂ ಸಮಾನವಾದ ಕಟ್ಟೆಂಬುದಿಲ್ಲ. ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಅವುಗಳಲ್ಲಿ ದೊರೆತ ಎಲೆಗಳಿಂದ ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳಬೇಕು. ಹೊಸ ಎಲೆಗಳು ವರ್ಷ ವರ್ಷವೂ ಬರುತ್ತಲೇ ಇರುತ್ತವೆ. ಹೀಗೆ ಬರುವ ಎಲೆಗಳು ಹಳೆಯವುಗಳಿಗಿಂತ ತುಸುತುಸುವೇ ಬಲಿಷ್ಠವಾಗುತ್ತ ಹೋಗುವ ಪ್ರವೃತ್ತಿಗೆ ಆಟಗಾರರು ‘ಪವರ್ ಕ್ರೀಪ್’ ಎಂದು ಹೆಸರಿಟ್ಟಿದ್ದಾರೆ. ಬಲದ ಉಬ್ಬರವೆಂದು ಅದನ್ನು ಕರೆಯಬಹುದು. ಹಣದುಬ್ಬರವನ್ನು ಬಲ್ಲವರಿಗೆ, ಪರೀಕ್ಷೆಯ ಅಂಕಗಳ ಏರಿಕೆಯನ್ನು ಕಂಡ ಅಧ್ಯಾಪಕರಿಗಂತೂ, ಇದರ ಸ್ವರೂಪವು ಅಪರಿಚಿತವೆನಿಸದು.

ಎಲೆಯ ಬಲವನ್ನು ಅಳೆಯುವುದು ಹೇಗೆ? ಪ್ರತಿಯೊಂದು ಎಲೆಗೂ ಒಂದು ಬೆಲೆಯುಂಟು; ಅದನ್ನು ‘ಮಾನಾ’ ಎಂಬ ಕಲ್ಪಿತ ದ್ರವ್ಯದಿಂದ ಸಲ್ಲಿಸಬೇಕು. ಈ ದ್ರವ್ಯವು ಸಾಮಾನ್ಯವಾಗಿ ಸರದಿಗೊಂದರಂತೆ ಹೂಡುವ ಭೂಮಿಯ ಎಲೆಗಳಿಂದ ದೊರೆಯುತ್ತದೆ. ಆದುದರಿಂದ ಎಲೆಯ ಯೋಗ್ಯತೆಯೆಂದರೆ ಸಲ್ಲಿಸಿದ ಬೆಲೆಗೆ ದೊರೆಯುವ ಫಲ. 1993ರ ಮೊದಲ ಆವೃತ್ತಿಯಲ್ಲಿ ‘ಗ್ರಿಜ್ಲಿ ಬೇರ್ಸ್’ ಎಂಬ ಕರಡಿಯ ಎಲೆಯಿತ್ತು. ಬೆಲೆ ಎರಡು ಮಾನಾ, ಹೊಡೆತದ ಬಲ ಎರಡು, ತಾಳಿಕೆಯ ಬಲ ಎರಡು. ಬಹುಕಾಲ ಈ ಕರಡಿಯೇ ಅಳತೆಗೋಲಾಗಿತ್ತು. 2005ರಲ್ಲಿ ‘ವಾಚ್‌ವುಲ್ಫ್’ ಎಂಬ ತೋಳವು ಅದೇ ಎರಡು ಮಾನಾಕ್ಕೆ ಮೂರು–ಮೂರರ ಬಲದೊಡನೆ ಬಂದಿತು. ಎರಡು ಬೇರೆ ಬೇರೆ ಬಣ್ಣಗಳ ಮಾನಾ ಬೇಕೆಂಬ ನಿರ್ಬಂಧವು ಅದಕ್ಕಿತ್ತು. ಹಾಗಾಗಿ ಹೆಚ್ಚಿನ ಬಲಕ್ಕೆ ಸಮರ್ಥನೆಯೂ ಇತ್ತು. 2013ರಲ್ಲಿ ‘ಫ್ಲೀಸ್‌ಮೇನ್ ಲಯನ್’ ಎಂಬ ಸಿಂಹವು ಅದೇ ಬೆಲೆ, ಅದೇ ನಿರ್ಬಂಧ, ಅದೇ ಬಲಗಳನ್ನು ಹೊತ್ತು, ಮುಂದೆ ಹೆಚ್ಚಿನ ಮಾನಾ ತೆತ್ತರೆ ಇನ್ನೂ ಬೆಳೆದು ಅವಿನಾಶಿಯಾಗುವ ಗುಣವನ್ನೂ ಪಡೆದು ಬಂದಿತು. ಒಂದೊಂದು ಹೆಜ್ಜೆಯನ್ನು ಬಿಡಿಯಾಗಿ ನೋಡಿದರೆ ಯಾವುದೂ ಅತಿರೇಕವಲ್ಲ. ಇಪ್ಪತ್ತು ವರ್ಷಗಳ ಅಂತರದಲ್ಲಿ ನೋಡಿದಾಗ ಮಾತ್ರ ಪಾಪದ ಕರಡಿಗೆ ಆಟದಲ್ಲಿ ಎಡೆಯೇ ಉಳಿಯಲಿಲ್ಲವೆಂಬುದು ಗೋಚರವಾಗುತ್ತದೆ.

‘ಸೆರಾ ಏಂಜಲ್’ ಎಂಬ ಎಲೆಯ ಚರಿತ್ರೆ ಇನ್ನೂ ಸ್ವಾರಸ್ಯಕರವಾದುದು. ಐದು ಮಾನಾ ಬೆಲೆಯ, ನಾಲ್ಕು–ನಾಲ್ಕರ ಬಲದ ಈ ಹಾರುವ ದೇವದೂತೆಯು ಮೊದಲ ವರ್ಷಗಳಲ್ಲಿ ಎದುರಾಳಿಗಳನ್ನು ನಡುಗಿಸಿದವಳು. 1997ರ ಐದನೆಯ ಆವೃತ್ತಿಯಲ್ಲಿ ಅವಳಿಗೆ ಸ್ಥಾನವಿರಲಿಲ್ಲ. 2001ರ ಏಳನೆಯ ಆವೃತ್ತಿಯಲ್ಲಿ ಮರಳಿ ಬಂದಳು. ಆ ಎಲೆಯ ಮೇಲಿನ ಅಂಕಿಗಳಲ್ಲಿ ಒಂದೂ ಬದಲಾಗಿಲ್ಲ. ಆದರೂ ಇಂದಿನ ಸ್ಪರ್ಧೆಗಳಲ್ಲಿ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ.

ಹಾಗೆಂದು ಹಳೆಯದೆಲ್ಲ ದುರ್ಬಲ, ಹೊಸದೆಲ್ಲ ಪ್ರಬಲವೆಂದು ತೀರ್ಮಾನಿಸುವುದು ಸರಿಯಲ್ಲ. ಆಟದ ಅತ್ಯಂತ ಪ್ರಬಲ ಎಲೆಗಳೆಂದು ಪ್ರಸಿದ್ಧವಾದ ಒಂಬತ್ತೂ 1993ರವೇ. ಅವುಗಳಲ್ಲೊಂದಾದ ‘ಬ್ಲ್ಯಾಕ್ ಲೋಟಸ್’ ಏನೂ ಬೆಲೆಯಿಲ್ಲದೆ ಮೂರು ಮಾನಾ ಕೊಡುತ್ತದೆ. ಅಂದು ಒಂದೇ ಮಾನಾಕ್ಕೆ ಮೂರು ಪೆಟ್ಟು ಕೊಡುತ್ತಿದ್ದ ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲಿನ ಜಾಗದಲ್ಲಿ 1998ರಲ್ಲಿ ಎರಡೇ ಪೆಟ್ಟಿನ ‘ಶಾಕ್’ ಬಂದಿತು. ಮಂತ್ರಗಳ ಬಲವನ್ನು ಇಳಿಸಿ ಪ್ರಾಣಿಗಳ ಬಲವನ್ನು ಏರಿಸುವ ಕಾರ್ಯವು ವರ್ಷಗಟ್ಟಲೆ ನಡೆಯಿತು. ರಣರಂಗದಲ್ಲಿ ಪ್ರಾಣಿಗಳು ಎದುರುಬದುರಾಗಿ ಕಾದುವ ಆಟವು ನೋಡಲೂ ಆಡಲೂ ಚೆಂದವಾದುದರಿಂದ ಈ ತಿದ್ದುಪಡಿಯನ್ನು ದೋಷವೆನ್ನುವಂತಿಲ್ಲ.

ಬಲವು ಏರುವುದಾದರೂ ಏಕೆ? ಮೊದಲ ಕಾರಣ ವ್ಯಾಪಾರದ್ದು. ಎಲೆಯು ಸೋಪಿನಂತೆ ಕರಗುವ ವಸ್ತುವಲ್ಲ. ಒಮ್ಮೆ ಕೊಂಡವನು ಹತ್ತು ವರ್ಷ ಅದರಿಂದಲೇ ಆಡಬಹುದು. ಅವನು ಮತ್ತೆ ಅಂಗಡಿಗೆ ಬರಬೇಕಾದರೆ ಹೊಸ ಎಲೆಯಲ್ಲಿ ಏನಾದರೂ ಆಕರ್ಷಣೆ ಇರಲೇಬೇಕು. ಸಂಯಮವನ್ನು ತೋರಿದರೂ ಅಪಾಯ ತಪ್ಪದು. 1995ರ ‘ಹೋಮ್‌ಲ್ಯಾಂಡ್ಸ್’ ಎಂಬ ದುರ್ಬಲ ಕಂತನ್ನು ಆಟಗಾರರು ಇಂದಿಗೂ ಹಾಸ್ಯ ಮಾಡುತ್ತಾರೆ.

ಎರಡನೆಯ ಕಾರಣವು ಗಣಿತದಲ್ಲಿದೆ. ಮೊದಲ ಆವೃತ್ತಿಯಲ್ಲಿದ್ದುದು ಸುಮಾರು 300 ಎಲೆಗಳು. ಅವುಗಳಿಂದ ಎರಡೆರಡರ ಜೋಡಿಗಳನ್ನು ಮಾಡಿದರೆ ಸುಮಾರು 45 ಸಾವಿರ. ಇಂದು ಬೇರೆ ಬೇರೆ ಎಲೆಗಳ ಸಂಖ್ಯೆ 25 ಸಾವಿರವನ್ನು ಮೀರಿದೆ; ಜೋಡಿಗಳು 31 ಕೋಟಿಗೂ ಮಿಗಿಲು. ಮೂರು ಮೂರರ ಕೂಟಗಳ ಲೆಕ್ಕವನ್ನು ಗಣಿತದ ವಿದ್ಯಾರ್ಥಿಗಳಿಗೇ ಬಿಡಬಹುದು. ಯಾವ ಹೊಸ ಎಲೆ ಯಾವ ಹಳೆಯ ಎಲೆಯೊಡನೆ ಸೇರಿ ಏನನ್ನು ಉಂಟುಮಾಡೀತೆಂದು ಬಿಡುಗಡೆಗೆ ಮುನ್ನ ಕೆಲವರೇ ಕುಳಿತು ಪರೀಕ್ಷಿಸಿ ಮುಗಿಸಲಾರರು. 2004ರ ‘ಸ್ಕಲ್‌ಕ್ಲಾಂಪ್’ ಇದಕ್ಕೆ ನಿದರ್ಶನ. ಅದು ಪ್ರಾಣಿಗೆ ತೊಡಿಸುವ ಒಂದು ಉಪಕರಣ; ಹೊಡೆತದ ಬಲವನ್ನು ಒಂದು ಹೆಚ್ಚಿಸಿ, ತಾಳಿಕೆಯನ್ನು ಒಂದು ತಗ್ಗಿಸುತ್ತದೆ; ತೊಟ್ಟ ಪ್ರಾಣಿ ಸತ್ತರೆ ಒಡೆಯನಿಗೆ ಎರಡು ಹೊಸ ಎಲೆಗಳು. ತಾಳಿಕೆ ತಗ್ಗುವುದನ್ನು ರಚನೆಯ ಕೊನೆಯ ಹಂತದಲ್ಲಿ ಸೇರಿಸಲಾಗಿತ್ತು. ಕೊರತೆಯಂತೆ ಕಾಣುವ ಆ ಅಂಶವೇ ವರವಾಯಿತು. ಪುಟ್ಟ ಪ್ರಾಣಿಗೆ ತೊಡಿಸಿದೊಡನೆ ಅದು ಸಾಯುತ್ತಿತ್ತು, ಎರಡು ಎಲೆ ಕೈಗೆ ಬರುತ್ತಿದ್ದವು. ಬಂದ ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ಜೂನ್‌ನಲ್ಲಿ, ಮುಖ್ಯ ಸ್ಪರ್ಧೆಗಳಿಂದ ಅದನ್ನು ಬಹಿಷ್ಕರಿಸಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ಬಂದ ‘ಓಕೊ’ ಎಂಬ ಎಲೆಗೆ ನವೆಂಬರ್‌ನಲ್ಲೇ ಅದೇ ಗತಿಯಾಯಿತು.

ಜಪಾನಿನಲ್ಲಿ ಹುಟ್ಟಿದ ಪೊಕೆಮಾನ್ ಆಟದಲ್ಲಿ ಉಬ್ಬರವು ಅಂಕಿಗಳಲ್ಲೇ ಎದ್ದು ಕಾಣುತ್ತದೆ. ಮೊದಲ ಕಂತಿನ ‘ಚಾರಿಝಾರ್ಡ್’ ಎಂಬ ಬೆಂಕಿಯುಗುಳುವ ಪ್ರಾಣಿಗೆ 120 ಪ್ರಾಣಾಂಕಗಳಿದ್ದವು. 2020ರ ‘ವಿಮ್ಯಾಕ್ಸ್’ ರೂಪದಲ್ಲಿ ಅವು 330 ಆದವು. ಹೊಡೆತವೂ 100ರಿಂದ 300ಕ್ಕೆ ಏರಿತು. ಎರಡೂ ಕಡೆ ಸಮನಾಗಿ ಏರಿದರೆ ಹೊಸಬರ ನಡುವಿನ ಆಟವು ಹೆಚ್ಚೇನೂ ಬದಲಾಗದು. ಹಳೆಯ ಎಲೆ ಹಿಡಿದು ಬಂದವನು ಮಾತ್ರ ಮೊದಲ ಏಟಿಗೇ ಮುಗಿಯುತ್ತಾನೆ.

ಇದಕ್ಕೆ ಮ್ಯಾಜಿಕ್ ಆಟದವರು ಕಂಡುಕೊಂಡ ಮುಖ್ಯ ಪರಿಹಾರವು 1995ರಲ್ಲಿ ಜಾರಿಗೆ ಬಂದಿತು. ಇತ್ತೀಚಿನ ಕಂತುಗಳ ಎಲೆಗಳಿಗೆ ಮಾತ್ರ ಪ್ರವೇಶವಿರುವ ಪ್ರತ್ಯೇಕ ಸ್ಪರ್ಧಾವಿಭಾಗವದು. ಇಂದಿನ ಹೆಸರು ‘ಸ್ಟ್ಯಾಂಡರ್ಡ್’. ಹಳೆಯವು ಕಾಲಕ್ಕೆ ಸರಿಯಾಗಿ ನಿರ್ಗಮಿಸುವುದರಿಂದ ಹೊಸವು ಅವುಗಳನ್ನು ಮೀರಿಸಬೇಕಾಗಿಲ್ಲ, ಬೇರೆಯಾಗಿದ್ದರೆ ಸಾಕು. ಯುಕ್ತಿಯು ಮೆಚ್ಚತಕ್ಕದ್ದೇ. ಆದರೆ ಅದರ ವೆಚ್ಚವನ್ನು ಭರಿಸುವವನು ಆಟಗಾರನು. ಕೂಡಿಟ್ಟ ಕಾಸಿನಿಂದ ಒಂದು ಕಟ್ಟನ್ನು ಕಟ್ಟಿಕೊಂಡ ಹುಡುಗನಿಗೆ, ತನ್ನ ಎಲೆಗಳು ಉಬ್ಬರದಿಂದ ಬೆಲೆಗೆಟ್ಟರೇನು, ನಿಯಮದಿಂದ ಹೊರಬಿದ್ದರೇನು, ನಷ್ಟ ಒಂದೇ. 2023ರಲ್ಲಿ ಈ ಅವಧಿಯನ್ನು ಎರಡು ವರ್ಷದಿಂದ ಮೂರಕ್ಕೆ ಹೆಚ್ಚಿಸಿದುದು ಅವನಿಗೆ ದೊರೆತ ಅಲ್ಪ ಸಮಾಧಾನ. ಜಪಾನಿನದೇ ಆದ ಯು-ಗಿ-ಓ ಆಟವು ಎಲೆಗಳನ್ನು ಹೀಗೆ ನಿವೃತ್ತಿಗೊಳಿಸದೆ, ನಿಷಿದ್ಧ ಹಾಗೂ ಮಿತಬಳಕೆಯ ಎಲೆಗಳ ಪಟ್ಟಿಯನ್ನೇ ನೆಚ್ಚಿಕೊಂಡಿದೆ. ಆ ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ.

ಬಡ ಆಟಗಾರನಿಗೆ ಹೆಚ್ಚು ಅನುಕೂಲವಾದ ಮಾರ್ಗವು ಆಟಗಾರರ ವಲಯದಲ್ಲೇ ಬೆಳೆದು ಬಂದಿತು. ಪೊಟ್ಟಣಗಳಲ್ಲಿ ಹೇರಳವಾಗಿ ದೊರೆಯುವ ಸಾಮಾನ್ಯ ಎಲೆಗಳಿಂದ ಮಾತ್ರವೇ ಆಡಬೇಕೆಂಬ ಆ ಪದ್ಧತಿಗೆ ‘ಪಾಪರ್’, ಎಂದರೆ ನಿರ್ಗತಿಕ, ಎಂಬ ಹೆಸರು. ಮುದ್ರಿತ ಎಲೆಗಳ ಆಟಕ್ಕೂ ಅದನ್ನು 2019ರಲ್ಲಿ ಸಂಸ್ಥೆಯು ಅಧಿಕೃತವಾಗಿ ಅಂಗೀಕರಿಸಿತು. ಅದೇ ವರ್ಷದ ಜೂನ್‌ನಲ್ಲಿ ಹೊರಬಂದಿದ್ದ ‘ಆರ್ಕಮ್ಸ್ ಆಸ್ಟ್ರೊಲೇಬ್’ ಎಂಬ ಒಂದೇ ಮಾನಾದ ಸಾಮಾನ್ಯ ಎಲೆಯನ್ನು ಅಕ್ಟೋಬರ್‌ನಲ್ಲಿ ಆ ನಿರ್ಗತಿಕರ ಆಟದಿಂದಲೂ ಹೊರಗಿಡಬೇಕಾಯಿತು.