ಜೋಕುಮಾರ ಸತ್ತ ರಾತ್ರಿ

ಅಕ್ಟೋಬರ್ 31ರ ಸಂಜೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು ಮನೆಮನೆಯ ಕದ ತಟ್ಟಿ ಚಾಕೊಲೇಟು ಕೇಳುವುದು ಈಗ ವಿಶೇಷವೇನಲ್ಲ. ಹ್ಯಾಲೋವಿನ್ ನಮ್ಮ ಹಬ್ಬವಲ್ಲವೆಂದು ಸಿಡುಕುವವರೂ ಇದ್ದಾರೆ. ಮಾತು ನಿಜ. ಆದರೆ ಮಳೆಗಾಲ ಕಳೆದು ಶರದೃತು ಕಾಲಿಡುವ ಹೊತ್ತಿಗೆ ಬಾಗಿಲಿಗೆ ಬಂದು ಬೇಡುವುದು, ಆ ಬೇಡಿಕೆಗೆ ಸಾವಿನ ಭಯ ತಳಕು ಹಾಕಿಕೊಂಡಿರುವುದು ನರಗುಂದ ತಾಲ್ಲೂಕಿನ ಕೊಣ್ಣೂರು ಸೀಮೆಗೆ, ಮಲಪ್ರಭೆಯ ದಂಡೆಯ ಊರುಗಳಿಗೆ ಹೊಸದಲ್ಲ. ಇಲ್ಲಿ ಅದರ ಹೆಸರು ಜೋಕುಮಾರ.

ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟುವ ಈ ಮಣ್ಣಿನ ದೇವರ ಆಯುಷ್ಯ ಏಳು ದಿನ. ಅಗಲವಾದ ಕಣ್ಣು, ಬೆಣ್ಣೆ ಮೆತ್ತಿದ ಬಾಯಿ, ಸುತ್ತ ಬೇವಿನ ಸೊಪ್ಪು. ಅಂಬಿಗ, ಬಾರಕೇರ ಮನೆತನಗಳ ಹೆಣ್ಣುಮಕ್ಕಳು ಅವನನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಮನೆಮನೆಯ ಮುಂದೆ ಇಳಿಸಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ಕೊಡುತ್ತಾರೆ. ಪ್ರತಿಯಾಗಿ ದೊರೆಯುವ ಪ್ರಸಾದವನ್ನು ರೈತ ಹೊಲಕ್ಕೊಯ್ದು ಚರಗ ಚೆಲ್ಲುತ್ತಾನೆ. ಕಾರಣ ಸ್ಪಷ್ಟ. ಎರೆ ಹೊಲದ ಹಿಂಗಾರಿ ಬಿತ್ತನೆ ಉತ್ತರಿ, ಹಸ್ತಾ ಮಳೆಗಳನ್ನು ನಂಬಿದೆ. ಜೋಕುಮಾರ ಬರುವುದು ಸರಿಯಾಗಿ ಆ ಆತಂಕದ ದಿನಗಳಲ್ಲಿ. ಗಣಪ ಬಂದು ಕಡುಬು ಉಂಡು ಹೋಗಿ, ಭೂಲೋಕದಲ್ಲಿ ಎಲ್ಲವೂ ಸುಖವೆಂದು ಶಿವನಿಗೆ ಹೇಳುತ್ತಾನಂತೆ. ಬರ ಬಿದ್ದಿದೆ, ಜನ ಕಂಗಾಲಾಗಿದ್ದಾರೆ ಎಂಬ ಸತ್ಯವನ್ನು ಒಯ್ದು ಮುಟ್ಟಿಸುವವನು ಜೋಕುಮಾರ. ಅಧಿಕೃತ ವರದಿಗೂ ನೆಲದ ವರದಿಗೂ ಇರುವ ವ್ಯತ್ಯಾಸವನ್ನು ನಮ್ಮ ಜನಪದರು ಎಷ್ಟು ಮೊದಲೇ ಅರಿತಿದ್ದರು!

ಆದರೆ ಅವನು ಸುಮ್ಮನೆ ಮರಳುವುದಿಲ್ಲ, ಕೊಲೆಯಾಗುತ್ತಾನೆ. ಅಗಸರ ಹುಡುಗಿಯನ್ನು ಬಯಸಿದ ತಪ್ಪಿಗೆ ಹುಣ್ಣಿಮೆಯ ರಾತ್ರಿ ಅವನ ತಲೆ ಒಡೆಯುತ್ತದೆ. ಬಟ್ಟೆ ಒಗೆಯುವ ಕಲ್ಲುಗಳ ನಡುವೆ ಆ ಮಣ್ಣಿನ ದೇಹ ಬಿದ್ದಿರುತ್ತದೆ. ಅಲ್ಲಿ ಅವನು ನರಳುವ ಸದ್ದು ಕಿವಿಗೆ ಬಿದ್ದವರು ಬದುಕುವುದಿಲ್ಲವೆಂಬ ನಂಬಿಕೆಯಿಂದ ಅಗಸರು ಮೂರು ದಿನ ನೀರಿನ ದಡಕ್ಕೆ ಹೋಗುತ್ತಿರಲಿಲ್ಲ. ಹುಣ್ಣಿಮೆಯ ಮರುದಿನವೇ ಪಿತೃಪಕ್ಷ. ಸತ್ತ ಹಿರಿಯರು ಎಡೆ ಕಾಯುತ್ತ ಮನೆಗೆ ಬರುವ ಆ ಹದಿನೈದು ದಿನಗಳು ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತವೆ.

ಪಶ್ಚಿಮದ ಹಬ್ಬದಲ್ಲೂ ಇಂಥದೇ ಸಾಲು ಕಾಣುತ್ತದೆ. ಐರ್ಲೆಂಡಿನ ಸೌವಿನ್ ಎಂಬ ಹಬ್ಬ ಬೇಸಿಗೆ ಮುಗಿದು ಚಳಿ ಕಾಲಿಡುವ ಗಡಿ. ಒಂಬತ್ತನೆಯ ಶತಮಾನದ ಹೊತ್ತಿಗೆ ನವೆಂಬರ್ 1 ಸಕಲ ಸಂತರ ದಿನವಾಯಿತು. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೂನಿ ಮಠದಿಂದ ಹಬ್ಬಿದ ಮೃತರ ಸ್ಮರಣೆಯ ದಿನ ನವೆಂಬರ್ 2ಕ್ಕೆ ನಿಂತಿತು. ಸೌವಿನ್ ಪ್ರೇತಗಳ ಹಬ್ಬವೇ ಆಗಿತ್ತೆಂದು ಪ್ರತಿ ವರ್ಷ ಬರೆಯಲಾಗುತ್ತದೆ. ಅದಕ್ಕೆ ಕ್ರೈಸ್ತಪೂರ್ವ ಕಾಲದ ಆಧಾರ ತೀರ ತೆಳುವೆಂದು ಇತಿಹಾಸಕಾರ ರೊನಾಲ್ಡ್ ಹಟನ್ ತೋರಿಸಿದ್ದಾರೆ. ಗಟ್ಟಿಯಾಗಿ ಗೊತ್ತಿರುವ ಸಂಗತಿ ಬೇರೆ: ಇಂಗ್ಲೆಂಡಿನ ಬಡವರು ಆ ದಿನಗಳಲ್ಲಿ ಮನೆಮನೆಗೆ ಹೋಗಿ, ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವೆವೆಂದು ಹೇಳಿ ರೊಟ್ಟಿಯಂಥ ಸಿಹಿ ತಿನಿಸು ಪಡೆಯುತ್ತಿದ್ದರು. ವಲಸಿಗರೊಡನೆ ಅಮೆರಿಕ ಸೇರಿದ ಮೇಲೆ ಟರ್ನಿಪ್ ಗಡ್ಡೆಯ ದೀಪ ಕುಂಬಳಕಾಯಿಯ ದೀಪವಾಯಿತು, ಬಡವರ ಪಾಲು ಮಕ್ಕಳ ಆಟವಾಯಿತು.

ಕೊಣ್ಣೂರಿನಲ್ಲಿ ಇತಿಹಾಸಕ್ಕೆ ಬರವಿಲ್ಲ. ಕ್ರಿ.ಶ. 860ರ ಆಶ್ವಯುಜ ಹುಣ್ಣಿಮೆಯಂದು, ಚಂದ್ರಗ್ರಹಣದ ಹೊತ್ತಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷನು ಬಂಕೇಯನ ಕೋರಿಕೆಯಂತೆ ಕೊಳನೂರಿನ ಬಸದಿಗೆ ದತ್ತಿ ಬಿಟ್ಟದ್ದನ್ನು ಇಲ್ಲಿನ ಶಾಸನ ಹೇಳುತ್ತದೆ. ತಾಮ್ರಪಟದ ಒಕ್ಕಣೆಯನ್ನು ಶತಮಾನಗಳ ಅನಂತರ ಕಲ್ಲಿಗೆ ಇಳಿಸಿದ್ದು ಅದು. ಅರಸನ ದಾನಕ್ಕೆ ತಾಮ್ರವೂ ಸಿಕ್ಕಿತು, ಕಲ್ಲೂ ಸಿಕ್ಕಿತು. ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಕೊರಳ ಹೊರತು ಜೋಕುಮಾರನಿಗೆ ಬೇರೆ ಶಾಸನವಿಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಅವನನ್ನು ನಗರದ ರಂಗಭೂಮಿಗೆ ತಂದಿತು. ಅಲ್ಲಿ ಅವನು ಪಡವಲಕಾಯಿಯ ರೂಪದಲ್ಲಿ ಕಾಣಿಸಿಕೊಳ್ಳುವುದನ್ನು ಕುಂಬಳಕಾಯಿಯ ಅಭಿಮಾನಿಗಳು ಗಮನಿಸಬಹುದು.

ಎಲ್ಲ ಹಬ್ಬಗಳೂ ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಸುಗ್ಗಿ ಕಂಡವರು ಇಲ್ಲದವರಿಗೆ ಕೊಡಲೇಬೇಕೆಂಬ ಒತ್ತಾಯವನ್ನು ಎರಡೂ ಕಡೆ ಭಯದ ವೇಷ ಕಾಪಾಡಿತೆಂದು ನನಗೆ ತೋರುತ್ತದೆ. ಜೋಕುಮಾರನ ಜೋಳ ಭಿಕ್ಷೆಯಲ್ಲ, ಹಕ್ಕು. ಆದರೆ ಶಾಲೆ ಕಲಿತ ಹುಡುಗಿಗೆ ಅದು ಭಿಕ್ಷೆಯಂತೆ ಕಂಡರೆ, ಬುಟ್ಟಿ ಹೊರಲು ಅವಳು ಒಲ್ಲೆನೆಂದರೆ, ಅವಳನ್ನು ದೂರುವ ಅಧಿಕಾರ ನಮಗಿಲ್ಲ. ಪರಂಪರೆಯ ಭಾರವನ್ನು ಬಡವರ ತಲೆಯ ಮೇಲೇ ಉಳಿಸಿ ಅದರ ಅಳಿವಿಗೆ ಮರುಗುವುದು ನಗರದವರಿಗೆ ಸುಲಭ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನೀರು ನುಗ್ಗಿತು, ಹೆದ್ದಾರಿಯ ಸಂಚಾರ ನಿಂತಿತು. ತಿಂಗಳೊಳಗೆ ಭಾದ್ರಪದದ ಅಷ್ಟಮಿ ಬಂತು. ಮಳೆ ಬೇಕೆಂದು ಕೇಳಲು ಹುಟ್ಟಿದ ಜೋಕುಮಾರ ಆ ವರ್ಷ ಶಿವನ ಮುಂದೆ ಏನು ಹೇಳಿದನೋ!